ರೂಪಕ ಗೊತ್ತಿದ್ದವರಿಗೆ ಮೆಟಫರ್ ಬಾಯಿಪಾಠ ಯಾಕೆ?

ಇಂಗ್ಲಿಷ್ ಎಂಎ ಸೀಟಿಗಾಗಿ ಸಿಯುಇಟಿ ಬರೆಯುವ ನಮ್ಮ ಕಡೆಯ ಹುಡುಗ ಹುಡುಗಿಯರ ಫೋನಿನಲ್ಲಿ ಒಂದು ಪಿಡಿಎಫ್ ಇದ್ದೇ ಇರುತ್ತದೆ. ಎಡಗಡೆ ಸಾಹಿತ್ಯದ ಪದ, ಬಲಗಡೆ ಇಂಗ್ಲಿಷಿನಲ್ಲೇ ಅರ್ಥ. ಸಿಮಿಲಿ, ಮೆಟಫರ್, ಐರನಿ, ಮೆಟಾನಮಿ, ಸಿನೆಕ್ಡಕಿ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಕೂತು ಇದನ್ನೇ ಉರು ಹೊಡೆಯುತ್ತಾರೆ. ಈ ದಾರಿ ಸರಿಯಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಇದರಲ್ಲಿ ಎಷ್ಟೋ ಪಾಠ ಇವರಿಗೆ ಕನ್ನಡದಲ್ಲಿ ಆಗಲೇ ಗೊತ್ತಿದೆ. ಹಾಗೆಂದು ಅವರಿಗೆ ಹೇಳುವವರೇ ಇಲ್ಲ.

ಈ ಪರೀಕ್ಷೆ ಸಣ್ಣದಲ್ಲ. 2022ರಿಂದ ಸ್ನಾತಕೋತ್ತರ ಪ್ರವೇಶಕ್ಕೂ ಸಿಯುಇಟಿ ಬಂದಿದೆ. ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿವಿ, ಹೈದರಾಬಾದ್ ವಿವಿ, ದೆಹಲಿಯ ಜೆಎನ್‌ಯು ಸೀಟುಗಳಿಗೆ ಇದೇ ಬಾಗಿಲು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳೂ ಒಂದೇ ಥರ ಕಂಡಾಗ ಬರೀ ಬಾಯಿಪಾಠ ಮಾಡಿದವರು ಎಡವುತ್ತಾರೆ. ಅರ್ಥ ಹಿಡಿದವರು ನಿಲ್ಲುತ್ತಾರೆ.

ಹತ್ತನೇ ತರಗತಿ ಕನ್ನಡ ಪತ್ರಿಕೆ ನೆನಪಿಸಿಕೊಳ್ಳಿ. 'ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ' ಎಂದು ಕೇಳುತ್ತಿದ್ದರು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕು ಭಾಗ ಬಿಡಿಸಿ ಬರೆದವರು ನಾವೆಲ್ಲ. ಉಪಮೆಯೇ ಸಿಮಿಲಿ, ರೂಪಕವೇ ಮೆಟಫರ್. 'ಹಾಗೆ', 'ಅಂತೆ' ಎಂಬ ವಾಚಕ ಇದ್ದರೆ ಮೊದಲನೆಯದು, ಇಲ್ಲದೆ ಎರಡನ್ನೂ ಒಂದೇ ಎಂದರೆ ಎರಡನೆಯದು. ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದ್ದೂ ನೆನಪಿರಬೇಕು. ಇಂಗ್ಲಿಷಿನವರು ಸ್ಕ್ಯಾನ್ಶನ್ ಎನ್ನುವುದು ಆ ಕೆಲಸವನ್ನೇ. ಪಟಪಟ, ದಬದಬ ಎಂಬ ಅನುಕರಣಾವ್ಯಯಗಳಿಗೆ ಅಲ್ಲಿ ಒನೊಮೆಟೊಪಿಯಾ ಎನ್ನುತ್ತಾರೆ.

ಪುಸ್ತಕದಲ್ಲಿ ಇಲ್ಲದ್ದು ಊರಿನ ಮಾತಿನಲ್ಲಿದೆ. 'ವಿಧಾನಸೌಧ ಇನ್ನೂ ದುಡ್ಡು ಬಿಟ್ಟಿಲ್ಲ' ಎಂದರೆ ಕಟ್ಟಡದ ಹೆಸರಲ್ಲಿ ಅಲ್ಲಿ ಕೂತವರನ್ನು ಹೇಳಿದಂತೆ, ಅದು ಮೆಟಾನಮಿ. 'ದಿನಾ ಆರು ಬಾಯಿ ತುಂಬಿಸಬೇಕು' ಎಂದರೆ ಒಂದು ಅಂಗದಿಂದ ಇಡೀ ಮನುಷ್ಯನನ್ನು ಹೇಳಿದಂತೆ, ಅದು ಸಿನೆಕ್ಡಕಿ. ಗುಂಡಿ ಬಿದ್ದ ರಸ್ತೆ ನೋಡಿ 'ಏನ್ ರಸ್ತೆ ಮಾಡವ್ರಪ್ಪ, ಕಣ್ಮುಚ್ಕೊಂಡು ಗಾಡಿ ಓಡಿಸ್ಬೋದು' ಎನ್ನುವುದು ಐರನಿ. ದೀಪ ಆರಿಸು ಎನ್ನಲು ಮನಸ್ಸು ಬಾರದೆ ಅಜ್ಜಿ 'ದೀಪ ದೊಡ್ಡದು ಮಾಡು' ಎನ್ನುವುದು ಯೂಫೆಮಿಸಂ. ಇಂಥ ಒಂದೊಂದು ಮಾತು ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಆ ಪದ ಜನ್ಮದಲ್ಲಿ ಮರೆಯುವುದಿಲ್ಲ.

'ಪರೀಕ್ಷೆ ಇಂಗ್ಲಿಷಿನಲ್ಲಿ, ನಡುವೆ ಕನ್ನಡ ಯಾಕೆ?' ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಎಲ್ಲವೂ ಅಚ್ಚುಕಟ್ಟಾಗಿ ಜೋಡಿಯಾಗುವುದಿಲ್ಲ. ನಮ್ಮ ಹಳೆಗನ್ನಡ ಪದ್ಯಗಳಲ್ಲಿ ಪ್ರಸ ಬರುವುದು ಸಾಲಿನ ಎರಡನೇ ಅಕ್ಷರದಲ್ಲಿ. ಇಂಗ್ಲಿಷಿನ ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಗೆ. ನಮ್ಮ ಲಘು ಗುರು ಉಚ್ಚಾರದ ಕಾಲವನ್ನು ಅಳೆಯುತ್ತವೆ. ಐಯಾಂಬಿಕ್ ಪೆಂಟಾಮೀಟರ್ ಅಳೆಯುವುದು ಒತ್ತನ್ನು: ಒಂದು ಹಗುರ, ಒಂದು ಒತ್ತು, ಹೀಗೆ ಐದು ಜೋಡಿ. ಆದರೆ ಈ ವ್ಯತ್ಯಾಸ ಗೊತ್ತಾದಾಗಲೇ ಪಾಠ ಗಟ್ಟಿಯಾಗುತ್ತದೆ. ಹೋಲಿಸಿ ನೋಡದೆ ವ್ಯತ್ಯಾಸ ಹೇಗೆ ತಿಳಿದೀತು?

ಹೀಗೆ ಎರಡೂ ಕಡೆ ಕಾಲಿಟ್ಟು ನಡೆದವರು ನಮ್ಮಲ್ಲೇ ಇದ್ದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದ ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟ್ರು. ಅಡಿಗರು, ಅನಂತಮೂರ್ತಿ, ಲಂಕೇಶ್ ಕೂಡ ಇಂಗ್ಲಿಷ್ ಪಾಠ ಮಾಡಿದವರೇ. ಸಾನೆಟ್ಟಿಗೆ ಸುನೀತ ಎಂಬ ಹೆಸರು ಕನ್ನಡದಲ್ಲಿ ನಿಂತಿದೆ. ಹೋಮರನ ಉದ್ದುದ್ದ ಉಪಮೆಗಳನ್ನು ಓದುವ ಮೊದಲು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'ನ ಮಹೋಪಮೆ ನೋಡಿದರೆ ಎಪಿಕ್ ಸಿಮಿಲಿ ಎಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಂದಿನ ತಾಲೂಕು ಕಾಲೇಜುಗಳಲ್ಲಿ ನಾವು ಕಾಣುವುದು ಬೇರೆ. ಕನ್ನಡ ವಿಭಾಗ ಒಂದು ಕೋಣೆ, ಇಂಗ್ಲಿಷ್ ವಿಭಾಗ ಪಕ್ಕದ ಕೋಣೆ. ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಾರೆ, ಒಟ್ಟಿಗೆ ಪಾಠ ಮಾಡುವುದಿಲ್ಲ. ವಾರಕ್ಕೊಂದು ಗಂಟೆ ಇಬ್ಬರೂ ಮೇಷ್ಟ್ರು ಸೇರಿ ಕೊನೆ ವರ್ಷದ ಡಿಗ್ರಿ ಮಕ್ಕಳಿಗೆ ಈ ಪದಗಳನ್ನು ಎರಡೂ ಭಾಷೆಯಲ್ಲಿ ಹೇಳಿಕೊಡಲಿ. ಇದಕ್ಕೆ ಸರ್ಕಾರದ ಆದೇಶ, ಅನುದಾನ ಬೇಡ, ಒಂದು ಕೋಣೆ ಸಾಕು. ಪಂಚಾಯಿತಿ ಅರಿವು ಕೇಂದ್ರಕ್ಕೆ ಎಂ.ಎಚ್.ಅಬ್ರಾಮ್ಸ್ ಅವರ ಸಾಹಿತ್ಯ ಪದಕೋಶದ ಒಂದು ಪ್ರತಿ ತರಿಸಿ ಎಂದು ನೀವೇ ಕೇಳಿ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ಮಾಡಿ. ಪ್ರತಿ ಪುಟಕ್ಕೆ ಮೂರು ಕಾಲಂ: ಇಂಗ್ಲಿಷ್ ಪದ, ಕನ್ನಡದ ಹೆಸರು, ನಿಮ್ಮೂರಿನ ಒಂದು ಮಾತು. ಇಂಗ್ಲಿಷ್ ಸ್ಪೆಲ್ಲಿಂಗ್ ಮತ್ತು ಇಂಗ್ಲಿಷ್ ಅರ್ಥವನ್ನೂ ಕೆಳಗೆ ಬರೆಯಿರಿ, ಪರೀಕ್ಷೆಯಲ್ಲಿ ಬರುವುದು ಅದೇ. ದಿನಕ್ಕೆ ಐದು ಪದ ಸಾಕು.

ಕೋಚಿಂಗ್‌ಗೆ ದುಡ್ಡಿಲ್ಲದ ಮನೆಯ ಮಕ್ಕಳು ಇಂಗ್ಲಿಷ್ ಸಾಹಿತ್ಯ ತಮ್ಮದಲ್ಲ ಎಂದು ಹಿಂದೆ ಸರಿಯುವುದನ್ನು ನಾವು ನೋಡುತ್ತಿದ್ದೇವೆ. ಅವರಿಗೆ ಮೊದಲು ಹೇಳಬೇಕಾದ ಮಾತು ಒಂದೇ: ನೀವು ಬರಿಗೈಯಲ್ಲಿ ಬಂದವರಲ್ಲ.