ಪಿಸ್ತೂಲಿಲ್ಲದ ಪರೀಕ್ಷೆ

ಜೆಸ್ಸಿಕಾ ಲಾಲ್ ಕೊಲೆ ಪ್ರಕರಣವನ್ನು ದೆಹಲಿಯ ಕನ್ನಡಿಗರು ಮರೆತಿರಲಾರರು. 1999ರ ಏಪ್ರಿಲ್ 29ರ ನಡುರಾತ್ರಿ ಕಳೆದ ಮೇಲೆ ನಡೆದ ಆ ಕೃತ್ಯದ ಸ್ಥಳದಲ್ಲಿ .22 ಅಳತೆಯ ಎರಡು ಖಾಲಿ ತೋಟಾಗಳು ದೊರೆತವು. ಪಿಸ್ತೂಲು ಮಾತ್ರ ಕೊನೆಗೂ ಸಿಗಲಿಲ್ಲ. ಎರಡೂ ತೋಟಾಗಳು ಬೇರೆ ಬೇರೆ ಆಯುಧಗಳಿಂದ ಹಾರಿದಂತೆ ತೋರುತ್ತವೆ ಎಂದು ತಜ್ಞರು ಅಭಿಪ್ರಾಯಪಟ್ಟರು. ಹಂತಕರು ಇಬ್ಬರೆಂಬ ವಾದಕ್ಕೆ ಅದೇ ಆಸರೆಯಾಯಿತು. ಪ್ರಮುಖ ಸಾಕ್ಷಿಗಳೂ ತಿರುಗಿಬಿದ್ದಿದ್ದರು. 2006ರ ಫೆಬ್ರುವರಿಯಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು.

ಪಿಸ್ತೂಲಿನ ಫೈರಿಂಗ್ ಪಿನ್ ತೋಟಾದ ತಳದಲ್ಲಿ ಗುರುತು ಮೂಡಿಸುತ್ತದೆ. ವಶಪಡಿಸಿಕೊಂಡ ಪಿಸ್ತೂಲಿನಿಂದ ಪ್ರಯೋಗಾಲಯದಲ್ಲಿ ಗುಂಡು ಹಾರಿಸಿ, ಆ ಗುರುತನ್ನು ಸ್ಥಳದಲ್ಲಿ ಸಿಕ್ಕಿದ್ದರೊಡನೆ ಸೂಕ್ಷ್ಮದರ್ಶಕದಲ್ಲಿ ಹೋಲಿಸುತ್ತಾರೆ. ಒಂದೇ ಪಿಸ್ತೂಲಿನ ಎರಡು ಗುರುತುಗಳಲ್ಲೂ ಅಲ್ಪಸ್ವಲ್ಪ ವ್ಯತ್ಯಾಸವುಂಟು. ಪಿಸ್ತೂಲೇ ಇಲ್ಲದಿದ್ದರೆ ಆ ವ್ಯತ್ಯಾಸವನ್ನು ತೂಗಿ ನೋಡುವುದು ಹೇಗೆ? ಇಂತಹ ಹೋಲಿಕೆ ಬಹುಮಟ್ಟಿಗೆ ಪರೀಕ್ಷಕರ ಸ್ವಂತ ನಿರ್ಣಯವನ್ನೇ ನೆಚ್ಚಿದೆ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯೂ 2009ರಲ್ಲಿ ಎಚ್ಚರಿಸಿತ್ತು.

2006ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನ್ಯಾಯ ದೊರೆಯಲು ಹನ್ನೊಂದು ವರ್ಷ ಬೇಕಾಯಿತು. ‘ವೈಜ್ಞಾನಿಕ ವರದಿ’ ಎಂದೊಡನೆ ತಲೆದೂಗುವ ಮುನ್ನ, ಹೋಲಿಸಲು ಆಯುಧವಿತ್ತೇ ಎಂದು ಕೇಳುವುದು ಒಳಿತು.