ಫೈಬರ್ ದೋಣಿಗಳಿಗೆ ಮೀನು ಶೋಧಕ ಉಪಕರಣ: ಹಾಸನ ಜಿಲ್ಲೆಯ ಮೀನುಗಾರರ ಮಾಹಿತಿಗಾಗಿ

ಹಾಸನ ಜಿಲ್ಲೆಯ ಕೆರೆ ಹಾಗೂ ಜಲಾಶಯಗಳಲ್ಲಿ ಹಿಂದೆ ಬಳಕೆಯಲ್ಲಿದ್ದುದು ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ಹರಿಗೋಲು. ಕಾಲಕ್ರಮೇಣ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದವು; ಅನಂತರ ಫೈಬರ್ ಹರಿಗೋಲುಗಳೂ ಫೈಬರ್ ದೋಣಿಗಳೂ ಬಂದವು. 2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ ಮತ್ತು ಬಲೆ ಒದಗಿಸುವ ಅಂಶವೂ ಸೇರಿದ್ದರಿಂದ ಈ ಬದಲಾವಣೆಗೆ ಇನ್ನಷ್ಟು ಒತ್ತು ದೊರೆಯಿತು. ಮಂಗಳೂರು ಮತ್ತು ಮಲ್ಪೆ ಬಂದರುಗಳ ಯಾಂತ್ರೀಕೃತ ದೋಣಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೀನು ಶೋಧಕ ಯಂತ್ರವು, ಅಂದರೆ ಫಿಶ್ ಫೈಂಡರ್, ಈಗ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಗಾತ್ರದಲ್ಲಿಯೂ ಮಾರುಕಟ್ಟೆಯಲ್ಲಿ ದೊರೆಯುತ್ತಿದೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಪರದೆಯ ಗಾತ್ರವನ್ನು ನೋಡಿ ಕೊಳ್ಳುತ್ತಾರೆ. ಆದರೆ ಉಪಕರಣವು ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನೀರಿಗೆ ಶಬ್ದವನ್ನು ಕಳುಹಿಸಿ ಮರುಧ್ವನಿಯನ್ನು ಹಿಡಿಯುವ ಟ್ರಾನ್ಸ್‌ಡ್ಯೂಸರ್ ಎಂಬ ಸಣ್ಣ ಭಾಗ ಮತ್ತು ಅದನ್ನು ದೋಣಿಗೆ ಅಳವಡಿಸಿರುವ ಕ್ರಮ.

ಎಲ್ಲಿ ಉಪಯುಕ್ತ?

ಗೊರೂರಿನ ಹೇಮಾವತಿ ಜಲಾಶಯವು 1979ರಲ್ಲಿ ಪೂರ್ಣಗೊಂಡಿತು. ಇದರ ಗರಿಷ್ಠ ಮಟ್ಟ 2,922 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಹಿನ್ನೀರಿನ ಅಡಿಯಲ್ಲಿ ಹಳೆಯ ಊರುಗಳ ಗೋಡೆಗಳು, ಬಾವಿಗಳು ಮತ್ತು ಮರದ ಬೊಡ್ಡೆಗಳು ಇವೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಚರ್ಚ್ ಮಳೆಗಾಲದಲ್ಲಿ ಭಾಗಶಃ ಮುಳುಗಿ ಬೇಸಿಗೆಯಲ್ಲಿ ಹೊರಬರುವುದನ್ನು ಪ್ರವಾಸಿಗರು ನೋಡಲು ಬರುತ್ತಾರೆ. ಕಣ್ಣಿಗೆ ಕಾಣದ ಇಂತಹ ಅವಶೇಷಗಳೇ ಮೀನುಗಾರರ ಬಲೆಯನ್ನು ಹರಿಯುತ್ತವೆ. ಆದುದರಿಂದ ಇಲ್ಲಿ ಶೋಧಕದ ಮೊದಲ ಪ್ರಯೋಜನವೆಂದರೆ ಆಳ ಮತ್ತು ತಳದ ಅಡೆತಡೆಗಳನ್ನು ತಿಳಿಯುವುದು. ಮೀನು ಕಾಣುವುದು ಅನಂತರದ ಮಾತು. ಬಲೆ ಬಿಡುವ ಮುನ್ನ ಆ ಸಾಲಿನಲ್ಲಿ ಒಮ್ಮೆ ಸಾಗಿ ನೋಡಿದರೆ ಬೊಡ್ಡೆ ಇರುವ ಜಾಗವನ್ನು ಬಿಡಬಹುದು.

ಇತರ ತಾಲ್ಲೂಕುಗಳ ಪರಿಸ್ಥಿತಿ ಬೇರೆ. ಹೇಮಾವತಿ ಎಡದಂಡೆ ನಾಲೆಯ ನೀರು ಪಡೆಯುವ ಚನ್ನರಾಯಪಟ್ಟಣ ತಾಲ್ಲೂಕಿನ ಕೆರೆಗಳು ಆಳವಿಲ್ಲದವು. ಅಲ್ಲಿ ಗಳು ಹಾಕಿ ನೋಡಿದರೆ ಸಾಕು. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಅಣೆಕಟ್ಟೆಯ ಹಿಂಭಾಗದ ನೀರಿಗೂ ಬಹುಮಟ್ಟಿಗೆ ಇದೇ ಅನ್ವಯಿಸುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವಾಲಯದ ಬಳಿಯ ಮಡುವು ಮತ್ಸ್ಯಧಾಮವಾಗಿದ್ದು, ಅಲ್ಲಿನ ಮೀನುಗಳು ಹಿಡಿಯಲು ಇರುವವಲ್ಲ.

ತಳದ ವಸ್ತುವನ್ನು ಮೊದಲು ತಿಳಿಯುವುದು

‘ಪ್ಲಾಸ್ಟಿಕ್ ದೋಣಿ’ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಎರಡು ವಸ್ತುಗಳಿವೆ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಫೈಬರ್ ಒಂದು. ನೀರಿನ ಟ್ಯಾಂಕುಗಳಂತೆ ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಎಥಿಲೀನ್ ಇನ್ನೊಂದು. ಅಳವಡಿಕೆಯ ಕ್ರಮವು ಇವೆರಡಕ್ಕೂ ಒಂದೇ ಅಲ್ಲ.

ಶಬ್ದವು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿಯ ಪದರ ಎದುರಾದಲ್ಲಿ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಬಲವಾದ ಮರುಧ್ವನಿ ಬರುವುದು ಈ ಕಾರಣದಿಂದಲೇ. ದೋಣಿಯ ತಳದಲ್ಲಿ ಗುಳ್ಳೆಯಿದ್ದರೆ ಯಂತ್ರ ಕುರುಡಾಗುವುದೂ ಇದೇ ಕಾರಣದಿಂದ. ಗಟ್ಟಿಯಾದ ಒಂದೇ ಪದರದ ಫೈಬರ್ ತಳವು ಶಬ್ದವನ್ನು ಸ್ವಲ್ಪ ನಷ್ಟದೊಂದಿಗೆ ಹಾಯಿಸುತ್ತದೆ. ಆದ್ದರಿಂದ ಟ್ರಾನ್ಸ್‌ಡ್ಯೂಸರನ್ನು ತಳದ ಒಳಮೈಗೆ ಅಂಟಿಸಿ, ರಂಧ್ರವನ್ನೇ ಕೊರೆಯದೆ ಕೆಲಸ ಪಡೆಯಬಹುದು. ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಗುಳ್ಳೆ ಉಳಿಯದಂತೆ ಹಚ್ಚಿ ಒತ್ತಬೇಕು. ಬೇಗ ಗಟ್ಟಿಯಾಗುವ ಅಂಟು ಬಿಸಿಯಾಗಿ ಗುಳ್ಳೆ ಬಿಡುವುದರಿಂದ ಅದು ಸಲ್ಲದು. ಎರಡು ಪದರಗಳ ನಡುವೆ ನೊರೆ ತುಂಬಿದ ತಳದಲ್ಲಿ ಈ ವಿಧಾನ ನಡೆಯುವುದಿಲ್ಲ.

ಅಂಟಿಸುವ ಮುನ್ನ ಪರೀಕ್ಷೆ ಅಗತ್ಯ. ಉಪಕರಣವನ್ನು ಮೊದಲು ದೋಣಿಯ ಹೊರಗೆ ನೀರಿನಲ್ಲಿ ಹಿಡಿದು ಆಳವನ್ನು ಓದಬೇಕು. ಬಳಿಕ ದೋಣಿಯ ಒಳಗೆ ಒಂದೆರಡು ಅಂಗುಲ ನೀರು ಸುರಿದು, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಇಟ್ಟು ಅದೇ ಜಾಗದಲ್ಲಿ ಮತ್ತೊಮ್ಮೆ ಓದಬೇಕು. ಎರಡೂ ಓದು ಹೊಂದಿದರೆ ಅಂಟಿಸಬಹುದು. ಒಳಗೆ ಅಂಟಿಸಿದ ಉಪಕರಣವು ನೀರಿನ ಉಷ್ಣತೆಯನ್ನು ಸರಿಯಾಗಿ ತೋರಿಸುವುದಿಲ್ಲ. ಪಕ್ಕದ ಚಿತ್ರ ತೋರಿಸುವ ಮಾದರಿಗಳಿಗೂ ಈ ವಿಧಾನ ಹೊಂದುವುದಿಲ್ಲ.

ಪಾಲಿಎಥಿಲೀನ್ ದೋಣಿಗೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ. ಮೊದಲ ದಿನ ಗಟ್ಟಿಯಾಗಿ ಕಂಡರೂ ಬಿಸಿಲಿಗೆ ಬಿಟ್ಟುಬರುತ್ತದೆ. ಇಂತಹ ದೋಣಿಗೆ ಹೊರಗಿನಿಂದ ಕ್ಲ್ಯಾಂಪ್ ಹಾಕಿ ಕಟ್ಟುವುದೇ ಲೇಸು.

ಹಿಂಬದಿಯ ಹಲಗೆ ಇರುವ ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರನ್ನು ಅಲ್ಲಿಯೇ, ಮೋಟಾರಿನ ಪಂಖದಿಂದ ದೂರವಾಗಿ, ಮುಖ ನೇರವಾಗಿ ಕೆಳಗೆ ಇರುವಂತೆ ಕೂರಿಸಬೇಕು. ತಿರುಪು ಬಿಗಿಯಲು ರಂಧ್ರ ಕೊರೆದಾಗ ಗಾಜಿನ ನಾರಿನ ತುದಿ ತೆರೆದು ನೀರು ಒಳಸೇರುತ್ತದೆ. ಹಲಗೆಯೊಳಗೆ ಪ್ಲೈವುಡ್ ಇದ್ದರೆ ಕ್ರಮೇಣ ಕೊಳೆಯುತ್ತದೆ. ಒಂದು ಸಣ್ಣ ಹಲಗೆಯನ್ನು ಎಪಾಕ್ಸಿಯಿಂದ ಒಮ್ಮೆ ಅಂಟಿಸಿ, ಆ ಹಲಗೆಗಷ್ಟೇ ತಿರುಪು ಹಾಕುವುದು ಉತ್ತಮ. ನೀರಿನ ಮಟ್ಟದ ಕೆಳಗೆ ಕೊರೆದ ಒಂದೇ ರಂಧ್ರ ದೋಣಿಯನ್ನು ಮುಳುಗಿಸಬಲ್ಲದು. ಸಹಾಯಧನದಲ್ಲಿ ಪಡೆದ ದೋಣಿಯಾದಲ್ಲಿ ಕೊರೆಯುವ ಮುನ್ನ ದೋಣಿ ಒದಗಿಸಿದವರನ್ನು ವಾರಂಟಿಯ ಬಗ್ಗೆ ವಿಚಾರಿಸತಕ್ಕದ್ದು.

ಹರಿಗೋಲಿಗೆ ಹಿಂಬದಿ ಎಂಬುದೇ ಇಲ್ಲ. ಹುಟ್ಟು ಹಾಕಿದಂತೆ ತಿರುಗುತ್ತದೆ. ಅದಕ್ಕೆ ಒಂದು ಗಟ್ಟಿ ಮರದ ಗಳು ಅಥವಾ ಪಿ.ವಿ.ಸಿ. ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ಅಂಚಿಗೆ ಕ್ಲ್ಯಾಂಪಿನಿಂದ ಬಿಗಿದು, ತಳಕ್ಕಿಂತ ಸ್ವಲ್ಪ ಕೆಳಗೆ ಇಳಿಸಿದರಾಯಿತು. ದಡಕ್ಕೆ ಬರುವಾಗ ಎತ್ತಬಹುದು. ಜಾರಿ ಬೀಳದಂತೆ ಒಂದು ಹಗ್ಗವನ್ನೂ ಕಟ್ಟಿರಬೇಕು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ, ಮೊಬೈಲಿಗೆ ಚಿತ್ರ ಕಳುಹಿಸುವ ಮಾದರಿಗಳೂ ಇವೆ. ಹರಿಗೋಲಿನವರಿಗೆ ಬಹುಶಃ ಇವೇ ಕಡಿಮೆ ತಾಪತ್ರಯದವು.

ಪರದೆಯಲ್ಲಿ ಕಾಣುವುದೇನು?

200 ಕಿಲೋಹರ್ಟ್ಸ್ ಆವರ್ತನದಲ್ಲಿ ಶಬ್ದದ ಶಂಕು ಸಾಮಾನ್ಯವಾಗಿ 20 ಡಿಗ್ರಿಯಷ್ಟು. ಅಂದರೆ 10 ಮೀಟರ್ ಆಳದಲ್ಲಿ ಸುಮಾರು 3.5 ಮೀಟರ್ ಅಗಲದ ವೃತ್ತ ಮಾತ್ರ ಕಾಣುತ್ತದೆ. ಅದರ ಆಚೆಗಿನ ಕಾಟ್ಲಾ ಗುಂಪು ಪರದೆಗೆ ಬರುವುದಿಲ್ಲ. ಕಂಡ ಗುರುತು ಕಾಟ್ಲಾವೋ ರೋಹುವೋ ಜಿಲೇಬಿಯೋ ಎಂದು ಯಂತ್ರ ಹೇಳಲಾರದು. ತಳಕ್ಕೆ ಅಂಟಿಕೊಂಡಿರುವ ಮೀನು ತಳದ ಗೆರೆಯಲ್ಲಿಯೇ ಸೇರಿಹೋಗುತ್ತದೆ. ಮಾರಾಟಗಾರರು ಪರದೆಯ ಮೇಲೆ ತೋರಿಸುವ ಮೀನಿನ ಚಿತ್ರಗಳು ಯಂತ್ರದ ಊಹೆಯಷ್ಟೇ. ಮುಳುಗಿದ ಕೊಂಬೆಯನ್ನೂ ಅದು ಮೀನೆಂದು ತೋರಿಸಬಹುದು.

ಅರ್ಧ ಆಂಪಿಯರ್ ಬಳಸುವ ಉಪಕರಣವು 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಒಂದು ರಾತ್ರಿ ನಡೆಯುತ್ತದೆ. ಬ್ಯಾಟರಿಯನ್ನು ಹರಿಗೋಲಿನ ನಡುವೆ ಕಟ್ಟಿರಬೇಕು. ಜೀವರಕ್ಷಕ ಜಾಕೆಟ್ ಇಲ್ಲದ ಮೀನುಗಾರರು ಈ ಹಣದಲ್ಲಿ ಮೊದಲು ಜಾಕೆಟ್ ಕೊಳ್ಳುವುದು ಸೂಕ್ತ.

ಅರ್ಜಿದಾರರ ಗಮನಕ್ಕೆ

ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40ರಷ್ಟು ಸಾಮಾನ್ಯ ವರ್ಗದವರಿಗೆ, ಶೇ. 60ರಷ್ಟು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಸಹಾಯಧನದ ಮಾದರಿ ನಿಗದಿಯಾಗಿತ್ತು. ದೋಣಿಗೆ ಮಂಜೂರಾತಿ ದೊರೆತ ಮಾತ್ರಕ್ಕೆ ಮೀನು ಶೋಧಕವೂ ಅದರಲ್ಲಿ ಸೇರಿದೆ ಎಂದು ಭಾವಿಸತಕ್ಕದ್ದಲ್ಲ. ಪ್ರಸ್ತುತ ವರ್ಷದ ಘಟಕದಲ್ಲಿ ಯಾವ ಸಲಕರಣೆಗಳಿವೆ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ, ಲಿಖಿತವಾಗಿ ಪಡೆದ ನಂತರವೇ ಖರೀದಿಸುವುದು. ಖರೀದಿಯ ರಸೀದಿಯಲ್ಲಿ ಟ್ರಾನ್ಸ್‌ಡ್ಯೂಸರಿನ ಮಾದರಿಯನ್ನೂ ಬರೆಯಿಸಿಕೊಳ್ಳುವುದು. ಕೆಟ್ಟಲ್ಲಿ ಮೊದಲು ಕೇಳುವುದು ಅದನ್ನೇ.