ಬಾಡಿಗೆಯ ಕಂಪ್ಯೂಟರಿಗೂ ಬೇಕು ಸರಿಯಾದ ಅಳತೆ

ಪೆಟ್ರೋಲ್ ಬಂಕ್‌ಗಳಲ್ಲಿ ಮುದ್ರೆಯೊತ್ತಿದ ಐದು ಲೀಟರಿನ ಅಳತೆಪಾತ್ರೆಯೊಂದು ಇರಬೇಕೆಂಬ ನಿಯಮವಿದೆ. ಅನುಮಾನ ಬಂದ ಗ್ರಾಹಕ ಕಣ್ಣೆದುರೇ ಅಳೆಯಿಸಿ ನೋಡಬಹುದು. ಮಾರುವವನ ಮಾತನ್ನೇ ಅಳತೆಯೆಂದು ಒಪ್ಪಬೇಕಾಗಿಲ್ಲ ಎಂಬುದು ಇದರ ಹಿಂದಿನ ತತ್ತ್ವ. ಸರ್ಕಾರಿ ಇಲಾಖೆಗಳೂ ಬ್ಯಾಂಕುಗಳೂ ಇಂದು ಬಾಡಿಗೆಗೆ ಪಡೆಯುತ್ತಿರುವ ಕಂಪ್ಯೂಟರ್ ಶಕ್ತಿಯ ವಿಷಯದಲ್ಲಿ ಈ ತತ್ತ್ವವನ್ನು ನಾವು ಮರೆತಂತಿದೆ.

ಕ್ಲೌಡ್ ಸೇವೆಯಲ್ಲಿ ನಮಗೆ ದೊರೆಯುವುದು ಸಾಮಾನ್ಯವಾಗಿ ಇಡೀ ಯಂತ್ರವಲ್ಲ. ‘ವರ್ಚುವಲ್ ಮೆಷಿನ್’, ಅಂದರೆ ದೊಡ್ಡ ಯಂತ್ರವೊಂದರೊಳಗೆ ತಂತ್ರಾಂಶವು ಸೃಷ್ಟಿಸಿಕೊಟ್ಟ ಕಲ್ಪಿತ ಯಂತ್ರ. ಇಂಥ ಹಲವು ಯಂತ್ರಗಳು ಒಂದೇ ಪ್ರೊಸೆಸರನ್ನು ಹಂಚಿಕೊಳ್ಳಬಹುದು. ಯಾರಿಗೆ ಯಾವಾಗ ಸರದಿ ಎಂಬುದನ್ನು ‘ಹೈಪರ್‌ವೈಸರ್’ ಎಂಬ ಮೇಲ್ವಿಚಾರಕ ತಂತ್ರಾಂಶ ನಿರ್ಧರಿಸುತ್ತದೆ. ಈ ವಿದ್ಯೆ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ವಿಎಂ/370 ವ್ಯವಸ್ಥೆಯನ್ನು ಪ್ರಕಟಿಸಿತ್ತು. 2006ರಲ್ಲಿ ಅಮೆಜಾನ್ ತನ್ನ ಇಸಿ2 ಸೇವೆ ಆರಂಭಿಸಿದ ಮೇಲೆ ಇದು ಗಂಟೆಯ ಲೆಕ್ಕದ ಸರಕಾಯಿತು.

ತೊಡಕಿರುವುದು ಲೆಕ್ಕದಲ್ಲಿ. ಸರದಿ ಸಿಗದ ಕಲ್ಪಿತ ಯಂತ್ರ ನಿದ್ದೆ ಹೋದವನಂತೆ. ಎಷ್ಟು ಹೊತ್ತು ಮಲಗಿದ್ದೆನೆಂಬುದು ಅದಕ್ಕೆ ತಾನಾಗಿ ತಿಳಿಯದು. ಹಳೆಯ ಪದ್ಧತಿಯಲ್ಲಿ ಗಡಿಯಾರದ ಪ್ರತಿ ಬಡಿತಕ್ಕೂ, ಆ ಕ್ಷಣ ನಡೆಯುತ್ತಿದ್ದ ಕೆಲಸದ ಖಾತೆಗೆ ಆ ಬಡಿತದ ಪೂರ್ಣ ಅವಧಿಯನ್ನು ಬರೆಯಲಾಗುತ್ತಿತ್ತು. ನಡುವೆ ಪ್ರೊಸೆಸರ್ ಬೇರೆಯವರ ಪಾಲಾಗಿದ್ದರೂ ಖರ್ಚು ಮಾತ್ರ ನಮ್ಮ ಹೆಸರಿಗೇ. ಲಿನಕ್ಸ್ 2005ರಲ್ಲಿ ‘ಸ್ಟೀಲ್ ಟೈಮ್’ ಎಂಬ ಪ್ರತ್ಯೇಕ ಕಲಮನ್ನು ಸೇರಿಸಿತು. ಕೆಲಸ ಸಿದ್ಧವಿದ್ದೂ ಪ್ರೊಸೆಸರ್ ಸಿಗದೆ ಕಾದ ಸಮಯ ಅದು. ‘ಟಾಪ್’ ಎಂಬ ಆದೇಶ ಕೊಟ್ಟರೆ ‘ಎಸ್‌ಟಿ’ ಎಂಬ ಗುರುತಿನೊಡನೆ ಅದರ ಶೇಕಡಾವಾರು ಕಾಣುತ್ತದೆ. ಆದರೆ ಈ ಅಂಕಿಯನ್ನು ಒದಗಿಸಬೇಕಾದದ್ದು ಹೈಪರ್‌ವೈಸರ್. ಅದು ಹೇಳದಿದ್ದರೆ ಕಲಮಿನಲ್ಲಿ ಸೊನ್ನೆಯೇ ಇರುತ್ತದೆ. ಆ ಸೊನ್ನೆಗೆ ನಷ್ಟವಿಲ್ಲವೆಂದು ಅರ್ಥವೋ, ವರದಿಯಿಲ್ಲವೆಂದು ಅರ್ಥವೋ ಬಾಡಿಗೆದಾರನಿಗೆ ತಿಳಿಯದು.

ಹೆಸರು ‘ಕದ್ದ ಸಮಯ’ ಎಂದಿದ್ದರೂ ಇದೆಲ್ಲ ಕಳ್ಳತನವೆಂದು ನಾನು ಹೇಳಲಾರೆ. ಹಂಚಿಕೊಳ್ಳುವುದರಿಂದಲೇ ಬಾಡಿಗೆ ಅಗ್ಗವಾಗಿದೆ. ಕೆಲವು ಅಗ್ಗದ ಯೋಜನೆಗಳಲ್ಲಿ ಮಿತಿ ಮೀರಿದರೆ ವೇಗ ತಗ್ಗಿಸುವ ಷರತ್ತು ಕರಾರಿನಲ್ಲೇ ಇರುತ್ತದೆ. ನನ್ನ ಆಕ್ಷೇಪ ಹಂಚಿಕೆಗಲ್ಲ, ಹಂಚಿಕೆಯ ಲೆಕ್ಕ ಕಾಣದಿರುವುದಕ್ಕೆ.

ಸರಕಿನ ಗುಣ ಮಾರುವವನಿಗೆ ಮಾತ್ರ ತಿಳಿದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಇಲ್ಲಿ ಇನ್ನೊಂದು ಅಪಾಯವೂ ಇದೆ. ಕಿಟಕಿಯ ಮುಂದೆ ಸರದಿ ಬೆಳೆಯುತ್ತದೆ, ‘ಸರ್ವರ್ ಸ್ಲೋ’ ಎಂಬ ಉತ್ತರ ಬರುತ್ತದೆ, ಪ್ರೊಸೆಸರ್ ಪೂರ್ತಿ ದುಡಿಯುತ್ತಿದೆಯೆಂದು ವರದಿ ಹೇಳುತ್ತದೆ. ಕಡತ ಸಿದ್ಧವಾಗಿ ಇನ್ನಷ್ಟು ದೊಡ್ಡ ಯಂತ್ರಕ್ಕೆ ಮಂಜೂರಾತಿ ದೊರೆಯುತ್ತದೆ. ಕೊರತೆಗೆ ಕಾರಣ ಪೂರೈಕೆದಾರನ ಅತಿಹಂಚಿಕೆಯೇ ಆಗಿದ್ದರೆ, ಅವನ ಕೊರತೆಯೇ ಅವನಿಗೆ ವರಮಾನವಾಗುತ್ತದೆ. ತೆರುವವನು ತೆರಿಗೆದಾರ, ಬೈಸಿಕೊಳ್ಳುವವನು ಗುಮಾಸ್ತ.

ಪರಿಹಾರ ದುಬಾರಿಯಲ್ಲ. ಸ್ಟೀಲ್ ಟೈಮ್ ಬಾಡಿಗೆದಾರನಿಗೆ ಕಾಣಬೇಕು ಮತ್ತು ಇಂತಿಷ್ಟು ಪ್ರಮಾಣ ಮೀರಬಾರದು ಎಂಬ ಷರತ್ತನ್ನು ಪ್ರತಿ ಟೆಂಡರಿನಲ್ಲೂ ಸೇರಿಸಬೇಕು. ಒಂದೇ ನಿಗದಿತ ಲೆಕ್ಕವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಾಡಿಸಿ, ಹೊರಗಿನ ಗಡಿಯಾರದಿಂದ ಅವಧಿಯನ್ನು ಅಳೆದು ದಾಖಲಿಸಬೇಕು. ಈ ಎರಡೂ ದಾಖಲೆಗಳಿಲ್ಲದೆ ಹೆಚ್ಚುವರಿ ಯಂತ್ರಕ್ಕೆ ಮಂಜೂರಾತಿ ನೀಡಬಾರದು. ಲೆಕ್ಕಪರಿಶೋಧಕರು ಬಿಲ್ಲಿನ ಮೊತ್ತವನ್ನಷ್ಟೇ ಅಲ್ಲದೆ ಇದನ್ನೂ ಕೇಳಬೇಕು.

ಅಕ್ಕಿಗಾದರೆ ತಕ್ಕಡಿಯ ಮುಳ್ಳನ್ನು ನೋಡುವ ನಾವು, ಕಣ್ಣಿಗೆ ಕಾಣದ ಸರಕಿಗೆ ಕಣ್ಣುಮುಚ್ಚಿ ಹಣ ಕೊಡುವುದು ಜಾಣತನವಲ್ಲ.